ಬಾಸ್ಟನ್ನಿನ ಕಾಕಂಬಿ ಪ್ರವಾಹ, 1919: ಜೋನಿಬೆಲ್ಲದಂಥ ದ್ರವ ಗಂಟೆಗೆ 56 ಕಿಮೀ ಓಡೋದು ಸಾಧ್ಯವಾ?

ಹಳೇಕಡತ ಕೇಳಿದ್ದು:

ವಿಚಿತ್ರ ದುರಂತಗಳ ಪಟ್ಟಿ ಯಾವುದನ್ನ ತೆಗೆದರೂ ಇದೊಂದು ಇದ್ದೇ ಇರುತ್ತೆ. 1919ರ ಜನವರಿ 15, ಬುಧವಾರ, ಮಧ್ಯಾಹ್ನ ಹನ್ನೆರಡೂವರೆ ದಾಟಿದ ಹೊತ್ತು. ಅಮೆರಿಕದ ಬಾಸ್ಟನ್ ಬಂದರಿನ ಪಕ್ಕ, ನಾರ್ತ್ ಎಂಡ್ ಬಡಾವಣೆಯ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯೋ ಅಂಟಂಟು ದ್ರವ, ಮೊಲಾಸಿಸ್) ತುಂಬಿದ್ದ ಉಕ್ಕಿನ ಟ್ಯಾಂಕು ಒಡೆಯಿತು. 21 ಜನ ಸತ್ತರು, 150 ಜನಕ್ಕೆ ಪೆಟ್ಟಾಯಿತು, ಕುದುರೆಗಳು ಎಷ್ಟೋ. ಮೇಲುಸೇತುವೆ ರೈಲಿನ ಉಕ್ಕಿನ ಕಂಬ ಬಗ್ಗಿತು, ಅಗ್ನಿಶಾಮಕ ಠಾಣೆಯ ಕಟ್ಟಡ ಅಡಿಪಾಯದಿಂದ ಜರುಗಿತು. ಅಲೆ 25 ಅಡಿ ಎತ್ತರ, ವೇಗ ಗಂಟೆಗೆ 56 ಕಿಮೀ ಅಂತ ಬರೀತಾರೆ.

ಇಷ್ಟು ಎಲ್ಲ ಕಡೆ ಸಿಗುತ್ತೆ. ಸಿಗದೇ ಇರೋದು ಇದು:

ಆ ವೇಗ ನಂಬೋದು ಹೇಗೆ? ಚಳಿಗಾಲದಲ್ಲಿ ಜೋನಿಬೆಲ್ಲದ ಡಬ್ಬ ಬಗ್ಗಿಸಿದರೆ ಚಮಚಕ್ಕೆ ಬೀಳೋಕೇ ಎರಡು ನಿಮಿಷ ಬೇಕು. ಟ್ಯಾಂಕು ಒಡೆದದ್ದು ಯಾಕೆ? ಒಬ್ಬರು ಹುದುಗಿ ಗ್ಯಾಸ್ ಆಯ್ತು ಅಂತಾರೆ, ಇನ್ನೊಬ್ಬರು ಬಾಂಬು ಅಂತಾರೆ, ಮತ್ತೊಬ್ಬರು ಉಕ್ಕು ಸರಿಯಿರಲಿಲ್ಲ ಅಂತಾರೆ. ಮದ್ಯನಿಷೇಧ ಬರೋದಕ್ಕೆ ಮುಂಚೆ ರಮ್ ಮಾಡಿಟ್ಟುಕೊಳ್ಳೋ ಆತುರದಲ್ಲಿ ಹೀಗಾಯ್ತು ಅನ್ನೋದು ನಿಜವಾ?

ಲೆಕ್ಕ ಗೊತ್ತಿರೋರು, ಸಕ್ಕರೆ ಕಾರ್ಖಾನೆ ಕಡೆಯವರು ಯಾರಾದರೂ ಹೇಳಿ. ಅಯ್ಯೋ ಪಾಪ ಅನ್ನೋ ಉತ್ತರ ಈಗಾಗಲೇ ಬೇಕಾದಷ್ಟು ಓದಿದ್ದಾಗಿದೆ.

---

ತಗಡುಪಟ್ಟಿ ಉತ್ತರ:

ಬಾಂಬು, ಗ್ಯಾಸು ಎಲ್ಲ ಆಮೇಲೆ. ಮೊದಲು ಹಾಳೆ, ಪೆನ್ಸಿಲ್ ತಗೊಂಡು ಟ್ಯಾಂಕಿನ ಲೆಕ್ಕ ಮಾಡಿ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದ ಕೆಲಸವನ್ನ 1915ರಲ್ಲಿ ಯಾರೂ ಮಾಡಲಿಲ್ಲ ಅನ್ನೋದೇ ಇಡೀ ಕಥೆ.

ಟ್ಯಾಂಕಿನ ಎತ್ತರ 50 ಅಡಿ, ಅಡ್ಡಳತೆ 90 ಅಡಿ. ಅಂದರೆ 15.2 ಮೀಟರ್ ಮತ್ತು 27.4 ಮೀಟರ್. ಅವತ್ತು ಒಳಗಿದ್ದದ್ದು 23 ಲಕ್ಷ ಅಮೆರಿಕನ್ ಗ್ಯಾಲನ್, ನಮ್ಮ ಲೆಕ್ಕಕ್ಕೆ 87 ಲಕ್ಷ ಲೀಟರ್. ಬೇಸಿಗೆಯಲ್ಲಿ ಬೀದಿಗೆ ನೀರು ತರೋ 6,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು 1,450. ಹೆಚ್ಚುಕಮ್ಮಿ ಕತ್ತಿನವರೆಗೆ ತುಂಬಿತ್ತು. ದ್ರವದ ಎತ್ತರ 14.9 ಮೀಟರ್ ಅಂತ ಹಿಡಿಯೋಣ.

ಕಾಕಂಬಿ ಲೀಟರಿಗೆ 1.4 ಕೆಜಿ ತೂಗುತ್ತೆ. ತಳದಲ್ಲಿ ಒತ್ತಡ = 1400 × 9.81 × 14.9, ಅಂದರೆ 2.05 ಲಕ್ಷ ಪಾಸ್ಕಲ್. ಕಾರಿನ ಟೈರಿಗೆ ಗಾಳಿ ಹೊಡೆಸ್ತೀವಲ್ಲ, ಅಷ್ಟೇ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಆದರೆ ಟೈರು 27 ಮೀಟರ್ ಅಗಲ ಇರಲ್ಲ. ಉರುಟು ಗೋಡೆಯನ್ನ ಸುತ್ತಲೂ ಹಿಡಿದು ಎಳೆಯೋ ಬಲ ಅಗಲ ಹೆಚ್ಚಿದಷ್ಟೂ ಹೆಚ್ಚುತ್ತೆ: ಒತ್ತಡ × ತ್ರಿಜ್ಯ ÷ ದಪ್ಪ. ತ್ರಿಜ್ಯ 13.7 ಮೀಟರ್. ಕೆಳಗಿನ ಸುತ್ತಿನ ಪ್ಲೇಟು ಸುಮಾರು 17 ಮಿಮೀ. ನಕ್ಷೆಯಲ್ಲಿ ಬರೆದದ್ದಕ್ಕಿಂತಲೂ ಅದು ತುಸು ತೆಳು. ಭಾಗಿಸಿದರೆ ಚದರ ಮಿಮೀಗೆ 165 ನ್ಯೂಟನ್.

ಇಲ್ಲಿಗೆ ನಿಲ್ಲಿಸಿದರೆ ಟ್ಯಾಂಕು ಪರವಾಗಿಲ್ಲ ಅನ್ನಿಸುತ್ತೆ. ಎಡವೋದು ಇಲ್ಲೇ. ಆ ಕಾಲದಲ್ಲಿ ಇಂಥ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡೋ ರೂಢಿ ಇರಲಿಲ್ಲ, ಪ್ಲೇಟಿನ ಮೇಲೆ ಪ್ಲೇಟು ಹೇರಿ ರಿವೆಟ್ ಹೊಡೀತಿದ್ದರು. ರಿವೆಟ್ಟಿಗೆ ತೂತು ಕೊರೆದ ಮೇಲೆ ಆ ಸಾಲಿನಲ್ಲಿ ಉಳಿಯೋ ಉಕ್ಕು ಕಮ್ಮಿ. ನೂರಕ್ಕೆ 70 ಉಳೀತು ಅಂತ ಹಿಡಿದರೆ ತೂತುಗಳ ನಡುವಿನ ಉಕ್ಕಿನ ಮೇಲೆ ಬೀಳೋದು 165 ಅಲ್ಲ, 235. ಅಂಥ ಉಕ್ಕು ಹರಿಯೋದು 380ರ ಆಸುಪಾಸಿನಲ್ಲಿ. ಅಲ್ಲಿಗೆ ಸುರಕ್ಷತೆಯ ಅಂಶ (ಉಕ್ಕು ತಾಳೋ ಬಲ ಅದರ ಮೇಲೆ ಬೀಳೋ ಬಲದ ಎಷ್ಟು ಪಟ್ಟು ಅನ್ನೋದು) 1.6. ಆಗ ರೂಢಿಯಲ್ಲಿ ಇದ್ದದ್ದು 3. ಮೂರು ಬೇಕು ಅಂದರೆ ತಳದ ಪ್ಲೇಟು 31ರಿಂದ 32 ಮಿಮೀ ಇರಬೇಕಿತ್ತು. ಹಾಕಿದ್ದು ಹತ್ತಿರಹತ್ತಿರ ಅರ್ಧ.

ಇನ್ನು ಮ್ಯಾನ್‌ಹೋಲ್. ಟ್ಯಾಂಕಿನೊಳಗೆ ಇಳಿಯೋಕೆ ಬುಡದಲ್ಲಿ ಒಂದು ಗುಂಡನೆ ಬಾಗಿಲು ಇಟ್ಟಿದ್ದರು. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ಗುಂಡನೆ ತೂತು ಇದ್ದರೆ ಅದರ ಅಂಚಿನಲ್ಲಿ ಬಲ ಸುಮಾರು ಮೂರು ಪಟ್ಟಾಗುತ್ತೆ. ಒತ್ತಡ ಎಲ್ಲಕ್ಕಿಂತ ಜಾಸ್ತಿ ಇರೋ ಬುಡದಲ್ಲೇ ಆ ತೂತು, ಅದರ ಸುತ್ತ ಮತ್ತೆ ರಿವೆಟ್ ತೂತುಗಳು. ಮೂರು ವರ್ಷ ತುಂಬೋದು, ಖಾಲಿ ಮಾಡೋದು ನಡೆದಿತ್ತು. ಪ್ರತಿ ಸಲವೂ ಅಂಚಿನ ಬಿರುಕು ಕೂದಲೆಳೆಯಷ್ಟು ಮುಂದಕ್ಕೆ. 2014ರಲ್ಲಿ ರೊನಾಲ್ಡ್ ಮೇವಿಲ್ ಅನ್ನೋ ಇಂಜಿನಿಯರ್ ಹಳೇ ದಾಖಲೆ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರು. ಬಿರುಕು ಮ್ಯಾನ್‌ಹೋಲ್ ಹತ್ತಿರದ ರಿವೆಟ್ ತೂತಿನಿಂದ ಶುರುವಾಗಿರಬೇಕು ಅನ್ನೋದು ಅವರ ತೀರ್ಮಾನ. ಅವರು ಹೇಳಿದ ಇನ್ನೊಂದು ಮಾತು ಅದಕ್ಕಿಂತ ಮುಖ್ಯ: ಆ ಉಕ್ಕಿನಲ್ಲಿ ಮ್ಯಾಂಗನೀಸ್ ಕಮ್ಮಿ, ಹಾಗಾಗಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದು ಬಾಗೋದರ ಬದಲು ಗಾಜಿನ ಥರ ಸೀಳುತ್ತೆ. ಜನವರಿಯ ಬಾಸ್ಟನ್ 15 ಡಿಗ್ರಿ ಕನಸಲ್ಲೂ ಕಾಣಲ್ಲ. 1919ರಲ್ಲಿ ಇದು ಯಾವ ಇಂಜಿನಿಯರಿಗೂ ಗೊತ್ತಿರಲಿಲ್ಲ, ಅದಕ್ಕೆ ಅವರನ್ನ ಬೈಯೋದು ನ್ಯಾಯ ಅಲ್ಲ. ದಪ್ಪ ಗೊತ್ತಿರಬೇಕಿತ್ತು.

ಮೇಲ್ವಿಚಾರಣೆ ಮಾಡಿದವರು ಆರ್ಥರ್ ಜೆಲ್. ಟ್ಯಾಂಕಿನ ಒಡೆತನದ ಪ್ಯೂರಿಟಿ ಡಿಸ್ಟಿಲಿಂಗ್ ಕಂಪನಿಯ ಖಜಾಂಚಿ. ಅವರಿಗೆ ನಕ್ಷೆ ಓದೋಕೆ ಬರುತ್ತಿರಲಿಲ್ಲ, ಓದಬಲ್ಲ ಇಂಜಿನಿಯರನ್ನ ಕರೆದು ತೋರಿಸಲೂ ಇಲ್ಲ. 1915ರ ಡಿಸೆಂಬರ್ ಕೊನೆಗೆ ಮೊದಲ ಹಡಗು ಬರೋದಿತ್ತು, ಅಷ್ಟರೊಳಗೆ ಮುಗಿಸಬೇಕಿತ್ತು. ಪೂರ್ತಿ ನೀರು ತುಂಬಿಸಿ ಪರೀಕ್ಷೆ ಮಾಡೋ ಬದಲು ತಳದಲ್ಲಿ 6 ಇಂಚು ನೀರು ಬಿಟ್ಟು, ಸೋರಲಿಲ್ಲ ಅಂತ ಸಹಿ ಹಾಕಿದರು. ದೋಸೆ ಕಾವಲಿಯಲ್ಲಿ ನೀರು ನಿಂತರೆ ಕೊಡ ಗಟ್ಟಿ ಅಂದ ಹಾಗೆ.

ಪೂರ್ತಿ ನೀರು ತುಂಬಿಸಿದ್ದರೂ ಕಾಕಂಬಿಯ ಭಾರದ ನೂರಕ್ಕೆ 71 ಭಾಗ ಮಾತ್ರ ಗೋಡೆಗೆ ಬೀಳುತ್ತಿತ್ತು (1 ಭಾಗಿಸು 1.4). ಒಡೀತಿತ್ತೋ ಇಲ್ಲವೋ, ಸೋರಿಕೆ ಅಂತೂ ಅವತ್ತೇ ಕಣ್ಣಿಗೆ ಬೀಳುತ್ತಿತ್ತು.

---

ನೀರಗಂಟಿ ಉತ್ತರ:

ವೇಗದ ಪ್ರಶ್ನೆಗೆ ನಾನು.

ಡಬ್ಬದ ಜೋನಿಬೆಲ್ಲ ನೋಡಿ ಅಂದಾಜು ಮಾಡೋದರಲ್ಲಿ ಒಂದು ತಪ್ಪಿದೆ. ಚಮಚದ ಅಂಚಿನಲ್ಲಿ ಇಳಿಯೋ ಪದರ ಒಂದೆರಡು ಮಿಮೀ ದಪ್ಪ. ಅಷ್ಟು ತೆಳುವಿದ್ದಾಗ ಅಂಟೇ ಯಜಮಾನ. 15 ಮೀಟರ್ ಎತ್ತರದ ರಾಶಿಯಲ್ಲಿ ಅಂಟಿನ ಮಾತು ನಡೆಯಲ್ಲ, ತೂಕದ ಮಾತು ನಡೆಯುತ್ತೆ.

14.9 ಮೀಟರ್ ಮೇಲಿಂದ ಒಂದು ಕಲ್ಲು ಬಿಟ್ಟರೆ ನೆಲ ಮುಟ್ಟುವಾಗ ಸೆಕೆಂಡಿಗೆ 17 ಮೀಟರ್, ಗಂಟೆಗೆ 61 ಕಿಮೀ. ದ್ರವದ ರಾಶಿ ಕುಸಿದು ಮುನ್ನುಗ್ಗುವಾಗ ಅದರ ಮುಂಭಾಗಕ್ಕೂ ಹೆಚ್ಚುಕಮ್ಮಿ ಅದೇ ದರ್ಜೆಯ ವೇಗ ಬರುತ್ತೆ. ಸಾಂದ್ರತೆಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾಗಿ 56 ಕಿಮೀ ಅನ್ನೋದು ಪತ್ರಿಕೆಯವರು ಉಪ್ಪುಖಾರ ಹಚ್ಚಿದ ಅಂಕಿ ಅಲ್ಲ.

ಅಂಟು ಎಷ್ಟು ತಡೀತು ಅಂತ ನೋಡೋಕೆ ರೆನಾಲ್ಡ್ಸ್ ಸಂಖ್ಯೆ ಸಾಕು: ಸಾಂದ್ರತೆ × ವೇಗ × ಆಳ ÷ ಸ್ನಿಗ್ಧತೆ (ದ್ರವದ ಅಂಟು, ಮಂದತೆ). ಕಾಕಂಬಿ ನೀರಿಗಿಂತ 10,000 ಪಟ್ಟು ಮಂದ ಅಂತ ಹಿಡಿಯೋಣ, ಅಂದರೆ 10 ಪಾಸ್ಕಲ್-ಸೆಕೆಂಡ್. 1400 × 15 × 8 ÷ 10 ಮಾಡಿದರೆ 16,800. ಇದು ಸಾವಿರಗಳಲ್ಲಿ ಇದ್ದರೆ ಜಡತ್ವದ ಆಟ. ಮೊದಲ ಕೆಲವು ಸೆಕೆಂಡು ಅದು ಒಡೆದ ಕೆರೆ ನೀರಿನ ಹಾಗೇ ನುಗ್ಗುತ್ತೆ. ಆಮೇಲೆ ಹರಡಿ ತೆಳುವಾಗುತ್ತೆ, ತಣ್ಣಗಾಗುತ್ತೆ. ಆಳ ಎರಡು ಅಡಿ, ವೇಗ ಅರ್ಧ ಮೀಟರ್, ಮಂದತೆ ಐದು ಪಟ್ಟು ಅಂತ ಹಾಕಿ ನೋಡಿ: 8ಕ್ಕೆ ಇಳಿಯುತ್ತೆ. ಆಗ ಅದು ಮತ್ತೆ ನಿಮ್ಮ ಜೋನಿಬೆಲ್ಲ.

ರಕ್ಷಣೆಗೆ ಅಡ್ಡ ಬಂದು ಸಾವು ಹೆಚ್ಚಿಸಿದ್ದು ಈ ಎರಡನೇ ಘಟ್ಟ. ಹಾರ್ವರ್ಡಿನ ಗುಂಪೊಂದು 2016ರಲ್ಲಿ ಇದನ್ನೇ ಲೆಕ್ಕ ಮಾಡಿ ತೋರಿಸಿತು. ಎರಡು ದಿನ ಮುಂಚೆ ಕೆರಿಬಿಯನ್ ಕಡೆಯಿಂದ ಬಂದ ಹಡಗಿನಿಂದ ಟ್ಯಾಂಕಿಗೆ ಪಂಪ್ ಮಾಡಿದ್ದ ಸರಕು ಇನ್ನೂ ಪೂರ್ತಿ ಆರಿರಲಿಲ್ಲ. ಹೊರಗಿನ ಗಾಳಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿತ್ತು. ಬೀದಿಗೆ ಬಿದ್ದು ಸಂಜೆಯ ಚಳಿಗೆ ಸಿಕ್ಕಿದ್ದೇ ಬಿಗಿಯತೊಡಗಿತು. ಬೇಸಿಗೆಯಲ್ಲಿ ಒಡೆದಿದ್ದರೆ ಇನ್ನೂ ದೂರ ಹರೀತಿತ್ತು, ಆದರೆ ತೆಳ್ಳಗೆ. ಸಿಕ್ಕಿಬಿದ್ದವರನ್ನ ಎಳೆದುಕೊಳ್ಳೋದು ಅಷ್ಟು ಕಷ್ಟ ಆಗ್ತಿರಲಿಲ್ಲ.

ಮುಳುಗಿ ಸತ್ತರು ಅಂತ ಬರೆಯೋರು ಒಂದು ವಿಷಯ ಮರೀತಾರೆ. ಮನುಷ್ಯನ ಮೈ ಲೀಟರಿಗೆ ಒಂದು ಕೆಜಿ, ಕಾಕಂಬಿ 1.4. ತೇಲಬೇಕು. ತೇಲಿದರೂ ಪ್ರಯೋಜನ ಇಲ್ಲ. ನೀರಿನಲ್ಲಿ ಕೈ ಬೀಸಿದರೆ ನೀರು ಹಿಂದಕ್ಕೆ ಹೋಗಿ ನಾವು ಮುಂದಕ್ಕೆ ಹೋಗ್ತೀವಿ. ಇದರಲ್ಲಿ ಕೈ ಹಿಂದಕ್ಕೆ ಎಳೆದಷ್ಟೂ ಅದು ಕೈಯನ್ನೇ ಹಿಡ್ಕೊಳ್ಳುತ್ತೆ. ಮೂಗು ಬಾಯಿಗೆ ಹೋದದ್ದು ಕೆಮ್ಮಿದರೆ ಹೊರಗೆ ಬರಲ್ಲ. ಅಗ್ನಿಶಾಮಕ ಠಾಣೆಯ ಮೇಲಂತಸ್ತು ಕುಸಿದು ಕೆಳಗೆ ಸಿಕ್ಕಿಬಿದ್ದ ಸಿಬ್ಬಂದಿಯಲ್ಲಿ ಒಬ್ಬರು ಗಂಟೆಗಟ್ಟಲೆ ತಲೆ ಮೇಲೆತ್ತಿ ಹಿಡಿದುಕೊಂಡಿದ್ದರು. ಕೊನೆಗೆ ಕತ್ತು ಸೋತಿತು.

ಮೊದಲು ಓಡಿ ಬಂದವರು ಬಂದರಿನಲ್ಲಿ ನಿಂತಿದ್ದ ತರಬೇತಿ ಹಡಗು ನಾಂಟಕೆಟ್‌ನ ನೂರಕ್ಕೂ ಮಿಕ್ಕ ಕೆಡೆಟ್‌ಗಳು. ತೊಳೆಯೋಕೆ ಅಗ್ನಿಶಾಮಕ ದೋಣಿಗಳಿಂದ ಸಮುದ್ರದ ನೀರು ಹೊಡೆದರು, ಮೇಲೆ ಮರಳು ಹಾಕಿದರು. ಬಂದರಿನ ನೀರು ಬೇಸಿಗೆವರೆಗೂ ಕಂದು ಬಣ್ಣದಲ್ಲೇ ಇತ್ತು. ಒಬ್ಬರ ಶವ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ, ಹಡಗುಕಟ್ಟೆಯ ಕೆಳಗೆ.

---

ಹಳೇಕಡತ:

ತಗಡುಪಟ್ಟಿ ಸರ್, ನೀರಗಂಟಿ ಸರ್, ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಹುದುಗಿದ ಗ್ಯಾಸಿನ ಕಥೆ ಪೂರ್ತಿ ಸುಳ್ಳಾ? ಬೆಚ್ಚಗಿನ ಕಾಕಂಬಿ ತಣ್ಣಗಿನದರ ಮೇಲೆ ಬಿದ್ದು ಗುಳುಗುಳು ಸದ್ದು ಬರ್ತಿತ್ತು ಅಂತ ಓದಿದ್ದೆ.

---

ಘಟಪ್ರಭಾ_ಎಡದಂಡೆ ಉತ್ತರ:

ಪೂರ್ತಿ ಸುಳ್ಳಲ್ರಿ, ಆದ್ರ ಅದು ಟ್ಯಾಂಕ್ ಒಡಿಯೂ ಅಷ್ಟು ದೊಡ್ಡದಲ್ಲ.

ಕಾಕಂಬಿ ಗಟ್ಟಿ ಇದ್ದಾಗ, ಅಂದ್ರ ಬ್ರಿಕ್ಸ್ (ನೂರು ಪಾಲಿನಾಗ ಸಕ್ಕರಿಯಂಥ ಕರಗಿದ ಪದಾರ್ಥ ಎಷ್ಟು ಅನ್ನೂ ಅಳತಿ) 85ರ ಮ್ಯಾಲ ಇದ್ದಾಗ, ಅದರಾಗ ಯೀಸ್ಟ್ ಬೆಳಿಯಂಗಿಲ್ಲ. ಸಕ್ಕರಿ ಎಲ್ಲಾ ನೀರು ಹೀರಿಕೊಂಡು ಕುಂತಿರ್ತದ. ಉಪ್ಪಿನಕಾಯಿ ಯಾಕ ಕೆಡಂಗಿಲ್ಲ, ಅದ ಲೆಕ್ಕ. ಡಿಸ್ಟಿಲರಿಯೊಳಗ ಹುದುಗಿಸಬೇಕಂದ್ರ ಮೊದಲು ನೀರು ಬೆರೆಸಿ ತೆಳು ಮಾಡ್ಕೋಬೇಕು, ಇಲ್ಲಂದ್ರ ಏನೂ ಆಗಂಗಿಲ್ಲ. ಟ್ಯಾಂಕಿನ ಮ್ಯಾಲ ಮಳಿ ನೀರು ಬಿದ್ದು ಒಂದು ತೆಳು ಪದರ ಆತಂದ್ರ ಆ ಪದರದಾಗ ಅಷ್ಟ ಹುದುಗ್ತದ, ಗುಳ್ಳಿ ಏಳ್ತಾವು. ಗುಳುಗುಳು ಅಂದದ್ದು ಅದ ಇರಬಹುದು, ಇಲ್ಲಾ ಬಿಸಿ ಸರಕಿನಾಗ ಸಿಕ್ಕ ಗಾಳಿ ಮ್ಯಾಲ ಬಂದಿರಬಹುದು. ಗ್ಯಾಸ್ ಬಂದ್ರೂ ವೆಂಟ್ (ಗಾಳಿ ಆಡೂ ಕಿಂಡಿ) ಇರ್ತದಲ್ರಿ. ಗ್ಯಾಸಿನ ಒತ್ತಡ ಜಾಸ್ತಿ ಆದ್ರ ಮೊದಲು ಹೋಗೂದು ಮ್ಯಾಲಿನ ತೆಳು ಮುಚ್ಚಳ. ಬಾಸ್ಟನ್‌ನಾಗ ಹರಿದದ್ದು ಕೆಳಗಿನ ಗ್ವಾಡಿ. ಗ್ಯಾಸ್ ಅನ್ನೂ ಮಾತು ಅಲ್ಲೇ ಮುಗೀತು.

ತಗಡುಪಟ್ಟಿಯವರ ಲೆಕ್ಕಾನ ಸಾಕು. ಬರೇ ತೂಕಕ್ಕ ಹೋಗ್ಯದ ಅದು.

---

ಕೋರ್ಟುಕಟ್ಟೆ ಉತ್ತರ:

ಬಾಂಬು, ಮದ್ಯನಿಷೇಧ ಎರಡನ್ನೂ ನಾನು ತಗೋತೀನಿ.

ಮದ್ಯನಿಷೇಧದ ಕಥೆ ಹುಟ್ಟಿದ್ದು ತಾರೀಖಿನಿಂದ. ದುರಂತದ ಮಾರನೇ ದಿನ, ಜನವರಿ 16ಕ್ಕೆ, ನೆಬ್ರಾಸ್ಕ ರಾಜ್ಯ ಒಪ್ಪಿಗೆ ಕೊಟ್ಟು, ಮದ್ಯನಿಷೇಧ ತರೋ ಅಮೆರಿಕ ಸಂವಿಧಾನದ 18ನೇ ತಿದ್ದುಪಡಿಗೆ ಬೇಕಾದ ರಾಜ್ಯಗಳ ಸಂಖ್ಯೆ ಪೂರ್ತಿಯಾಯಿತು. ಎರಡು ತಾರೀಖು ಅಕ್ಕಪಕ್ಕ ಬಿದ್ದಿದ್ದಕ್ಕೆ ಕಥೆಗಾರರು ಗಂಟು ಹಾಕಿಬಿಟ್ಟರು. ಟ್ಯಾಂಕು ಇದ್ದದ್ದು ಪ್ಯೂರಿಟಿ ಡಿಸ್ಟಿಲಿಂಗ್ ಕಂಪನಿಯದು, ಅದರ ಒಡೆಯ ಯುನೈಟೆಡ್ ಸ್ಟೇಟ್ಸ್ ಇಂಡಸ್ಟ್ರಿಯಲ್ ಆಲ್ಕೋಹಾಲ್. ಹೆಸರಿನಲ್ಲೇ ಇದೆ, ಕೈಗಾರಿಕಾ ಮದ್ಯಸಾರ. 1915ರಲ್ಲಿ ಅಷ್ಟು ಆತುರವಾಗಿ ಟ್ಯಾಂಕು ಎಬ್ಬಿಸಿದ್ದು ಮೊದಲ ಮಹಾಯುದ್ಧದ ಮದ್ದುಗುಂಡಿಗೆ ಬೇಕಾದ ಮದ್ಯಸಾರಕ್ಕಾಗಿ. ಯುದ್ಧ 1918ರ ನವೆಂಬರಿನಲ್ಲಿ ನಿಂತಿತು. ಕಂಪನಿ ಹೊಸ ಗಿರಾಕಿ ಹುಡುಕ್ತಿತ್ತು ಅನ್ನೋದನ್ನ ಒಪ್ಪಬಹುದು, ಆದರೆ ರಮ್ಮಿನ ಆತುರದಿಂದ ಟ್ಯಾಂಕು ಒಡೆಯಿತು ಅಂತ ಹೇಳೋಕೆ ಆಧಾರ ಇಲ್ಲ. ಟ್ಯಾಂಕು ಮೂರು ವರ್ಷ ಹಳೇದು, ತೆಳು ಪ್ಲೇಟು ಅಷ್ಟೇ ಹಳೇದು.

ಬಾಂಬಿನ ವಾದ ಬೇರೆ. ಇವತ್ತು ನಗು ಬರುತ್ತೆ, ಅವತ್ತು ಬರ್ತಿರಲಿಲ್ಲ. ನಾರ್ತ್ ಎಂಡ್ ಇಟಲಿಯಿಂದ ಬಂದ ಬಡ ವಲಸಿಗರ ಬಡಾವಣೆ. 1916ರ ಡಿಸೆಂಬರಿನಲ್ಲಿ ಅದೇ ಬಡಾವಣೆಯ ಪೊಲೀಸ್ ಠಾಣೆಯಲ್ಲಿ ಅರಾಜಕತಾವಾದಿಗಳ ಬಾಂಬು ಸಿಡಿದಿತ್ತು. ವಿಚಾರಣೆ ಶುರುವಾದ ಮರುತಿಂಗಳು, 1920ರ ಸೆಪ್ಟೆಂಬರ್ 16ರಂದು, ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಬಾಂಬು ಸಿಡಿಯಿತು. ಕಂಪನಿ ವಕೀಲ ಚಾರ್ಲ್ಸ್ ಚೋಟ್ ಅವರಿಗೆ ಅದಕ್ಕಿಂತ ಒಳ್ಳೆ ಕಾಲ ಬೇಕಿರಲಿಲ್ಲ. ವಾದ ಸರಳ: ನಮ್ಮ ಟ್ಯಾಂಕು ಗಟ್ಟಿಯಾಗಿತ್ತು, ಯಾರೋ ಬಾಂಬು ಇಟ್ಟರು.

119 ದಾವೆಗಳನ್ನ ಒಟ್ಟು ಸೇರಿಸಿ ಕೋರ್ಟು ಕರ್ನಲ್ ಹ್ಯೂ ಆಗ್ಡೆನ್ ಅವರನ್ನ ಆಡಿಟರ್ ಅಂತ ನೇಮಿಸಿತು. ಇದು ಲೆಕ್ಕಪತ್ರದ ಆಡಿಟರ್ ಅಲ್ಲ. ಸಾಕ್ಷ್ಯ ಕೇಳಿ, ಹೊಣೆ ಯಾರದು ಅಂತ ವರದಿ ಕೊಡೋ ಹುದ್ದೆ. ಕೆಲವೇ ವಾರದ ಕೆಲಸ ಅಂದುಕೊಂಡದ್ದು ವರ್ಷಗಟ್ಟಲೆ ಎಳೀತು. 900ಕ್ಕೂ ಹೆಚ್ಚು ಸಾಕ್ಷಿಗಳು, 20,000 ಪುಟ ಮೀರಿದ ದಾಖಲೆ.

ಗಾಯಾಳುಗಳ ಪರ ಡೇಮನ್ ಹಾಲ್. ಜೆಲ್ ಅವರನ್ನ ಕೂರಿಸಿ ಒಂದೊಂದೇ ಕೇಳಿದರು. ನಿಮಗೆ ನಕ್ಷೆ ಓದೋಕೆ ಬರುತ್ತಾ? ಇಲ್ಲ. ಯಾವ ಇಂಜಿನಿಯರನ್ನ ಕೇಳಿದಿರಿ? ಯಾರನ್ನೂ ಇಲ್ಲ. ನೀರು ತುಂಬಿಸಿ ನೋಡಿದಿರಾ? ಆರು ಇಂಚು. (ಇದು ಸಾಕ್ಷ್ಯದ ಸಾರ, ಅಕ್ಷರಶಃ ಅಲ್ಲ.) ಎಂಐಟಿಯ ಪ್ರೊಫೆಸರ್ ಚಾರ್ಲ್ಸ್ ಸ್ಪಾಫರ್ಡ್ ಪ್ಲೇಟಿನ ದಪ್ಪ ಅಳೆದು, ಮೇಲೆ ತಗಡುಪಟ್ಟಿ ಮಾಡಿದ ಥರದ್ದೇ ಲೆಕ್ಕ ಇಟ್ಟರು.

ಸೋರಿಕೆಯ ಸಾಕ್ಷ್ಯ ಇದೆಲ್ಲಕ್ಕಿಂತ ಕಟು. ಟ್ಯಾಂಕು ಮೊದಲಿನಿಂದಲೂ ಜಿನುಗುತ್ತಿತ್ತು. ಬೀದಿಯ ಮಕ್ಕಳು ಡಬ್ಬ ಹಿಡ್ಕೊಂಡು ಬಂದು ಗೋಡೆಯಿಂದ ಇಳಿದದ್ದನ್ನ ತುಂಬಿಸಿಕೊಂಡು ಹೋಗ್ತಿದ್ದರು. ಅಲ್ಲೇ ಕೆಲಸಕ್ಕಿದ್ದವನೊಬ್ಬ ಮೇಲಿನವರಿಗೆ ದೂರು ಕೊಟ್ಟ. ಅದಕ್ಕೆ ಕಂಪನಿ ಮಾಡಿದ್ದು ಸಂದು ಬಡಿಸಿದ್ದು ಮತ್ತು ಟ್ಯಾಂಕಿಗೆ ಕಂದು ಬಣ್ಣ ಹೊಡೆಸಿದ್ದು. ಕಂದು ಗೋಡೆಯ ಮೇಲೆ ಕಂದು ಕಾಕಂಬಿ ಕಾಣಲ್ಲ.

1925ರ ಏಪ್ರಿಲ್‌ನಲ್ಲಿ ಆಗ್ಡೆನ್ ವರದಿ ಕೊಟ್ಟರು. ಬಾಂಬಿಗೆ ಸಾಕ್ಷ್ಯ ಇಲ್ಲ, ಟ್ಯಾಂಕೇ ದುರ್ಬಲ, ಹೊಣೆ ಕಂಪನಿಯದು. ಕೊನೆಗೆ 6,28,000 ಡಾಲರಿಗೆ ಇತ್ಯರ್ಥ ಆಯಿತು. ಒಂದು ಸಾವಿಗೆ ಸುಮಾರು 7,000 ಡಾಲರ್. ಆಮೇಲೆ ಮ್ಯಾಸಚೂಸೆಟ್ಸ್‌ನಲ್ಲಿ ದೊಡ್ಡ ಕಟ್ಟಡ, ಟ್ಯಾಂಕುಗಳ ನಕ್ಷೆಗೆ ಅರ್ಹ ಇಂಜಿನಿಯರರ ಸಹಿ ಮತ್ತು ಲೆಕ್ಕದ ಹಾಳೆ ಬೇಕೇ ಬೇಕು ಅಂತಾಯಿತು. ಅಲ್ಲಿಯವರೆಗೆ ಆ ಟ್ಯಾಂಕನ್ನ 'ಕಟ್ಟಡ' ಅಂತಲೇ ಯಾರೂ ಎಣಿಸಿರಲಿಲ್ಲ ಅನ್ನೋದು ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು.

---

ತಗಡುಪಟ್ಟಿ:

ಕೋರ್ಟುಕಟ್ಟೆಯವರ ಮಾತಿಗೆ ಒಂದು ಸೇರಿಸ್ತೀನಿ. ಒಡೆಯುವಾಗ ಮೆಷಿನ್ ಗನ್ ಹಾರಿಸಿದ ಹಾಗೆ ಪಟಪಟ ಸದ್ದು ಬಂತು ಅಂತ ಹೇಳಿದವರಿದ್ದಾರೆ. ಬಾಂಬಿನವರು ಅದನ್ನೇ ಹಿಡ್ಕೊಂಡರು. ಅದು ರಿವೆಟ್ಟಿನ ಸದ್ದು. ಒಂದು ರಿವೆಟ್ ಹೋದರೆ ಅದರ ಪಾಲಿನ ಭಾರ ಪಕ್ಕದ್ದಕ್ಕೆ, ಅದು ಹೋದರೆ ಮುಂದಿನದಕ್ಕೆ. ಜಾಕೆಟ್ಟಿನ ಜಿಪ್ ಬಿಚ್ಚಿಕೊಂಡ ಹಾಗೆ. ಬಾಂಬಾದರೆ ಒಂದೇ ಸದ್ದು.

ಹಾಗೇ, ಇದಕ್ಕೊಬ್ಬ ಅಣ್ಣ ಇದ್ದಾನೆ. 1814ರ ಅಕ್ಟೋಬರ್ 17, ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಬಳಿಯ ಹಾರ್ಸ್ ಶೂ ಬ್ರೂವರಿ. 22 ಅಡಿ ಎತ್ತರದ ಮರದ ಬಾನಿ, ಸುತ್ತ ಕಬ್ಬಿಣದ ಪಟ್ಟಿ. ಸಂಜೆ ನಾಲ್ಕೂವರೆಗೆ ಒಂದು ಪಟ್ಟಿ ಜಾರಿ ಬಿತ್ತು. ಅದೊಂದರ ತೂಕವೇ 300 ಕೆಜಿಗೂ ಮೇಲೆ. ಗುಮಾಸ್ತ ನೋಡಿದ, ಆಗಾಗ ಬೀಳುತ್ತೆ ಬಿಡು ಅಂತ ರಿಪೇರಿಗೆ ಚೀಟಿ ಬರೆದ. ಒಂದು ಗಂಟೆಯ ಮೇಲೆ ಬಾನಿ ಒಡೆದು ಹಿಂದಿನ ಗಲ್ಲಿಗೆ ಬಿಯರ್ ನುಗ್ಗಿತು. 8 ಸಾವು, ಎಲ್ಲ ಹೆಂಗಸರು, ಮಕ್ಕಳು. ಕೆಲವರು ಸತ್ತ ಮಗುವಿನ ಹೆಣದ ಪಕ್ಕ ಕೂತಿದ್ದವರು. ಜನ ಬೀದಿಯ ಬಿಯರ್ ಕುಡಿದು ಸತ್ತರು ಅಂತ ಹರಡಿರೋದು ಆಮೇಲಿನ ಕಟ್ಟುಕಥೆ, ಅವತ್ತಿನ ಪತ್ರಿಕೆಗಳಲ್ಲಿ ಅದಿಲ್ಲ. ಅಲ್ಲಿ ಪಟ್ಟಿ ಹೊರುತ್ತಿದ್ದ ಬಲವೇ ಇಲ್ಲಿ ಪ್ಲೇಟು ಹೊತ್ತದ್ದು, ಲೆಕ್ಕ ಒಂದೇ. ತೀರ್ಪು ಮಾತ್ರ ಬೇರೆ: ಆಕಸ್ಮಿಕ, ಯಾರದೂ ತಪ್ಪಿಲ್ಲ ಅಂತ ಜ್ಯೂರಿ ಹೇಳಿತು. ಬ್ರೂವರಿಗೆ ಚೆಲ್ಲಿದ ಬಿಯರಿನ ಸುಂಕ ಸರ್ಕಾರದಿಂದ ವಾಪಸ್ ಸಿಕ್ಕಿತು. ಸತ್ತವರ ಕಡೆಯವರಿಗೆ ಅದರಲ್ಲಿ ಪಾಲಿಲ್ಲ.

---

ಹಳೇಕಡತ:

ಘಟಪ್ರಭಾದವರೇ, ಕೊನೇ ಪ್ರಶ್ನೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಾರ್ಖಾನೆಗಳ ಅಂಗಳದಲ್ಲಿ ಕಾಕಂಬಿ ಟ್ಯಾಂಕು ಕಾಣ್ತವಲ್ಲ, ಅವುಗಳಲ್ಲಿ ಏನು ನೋಡ್ಕೋತಾರೆ? ಬಾಸ್ಟನ್ ಥರ ಆಗೋ ಭಯ ಇದೆಯಾ?

---

ಘಟಪ್ರಭಾ_ಎಡದಂಡೆ ಉತ್ತರ:

ಗಾತ್ರದ ಅಂದಾಜು ಮೊದಲು ಹೇಳ್ತೀನ್ರಿ. ದಿನಕ್ಕ 5,000 ಟನ್ ಕಬ್ಬು ನುರಿಸೂ ಕಾರ್ಖಾನಿ ಹಿಡೀರಿ. ಕಬ್ಬಿನ ತೂಕದ ನೂರಕ್ಕ ನಾಲ್ಕೂವರಿ ಕಾಕಂಬಿ ಬಂದ್ರ ದಿನಕ್ಕ 225 ಟನ್. ಬಾಸ್ಟನ್ ಟ್ಯಾಂಕಿನಾಗ ಇದ್ದದ್ದು 12,000 ಟನ್. ಅಂದ್ರ ಅಂಥ ಕಾರ್ಖಾನಿಯ 53 ದಿನದ ಕಾಕಂಬಿ ಒಂದ ಟ್ಯಾಂಕಿನಾಗ.

ಈಗಿನ ಟ್ಯಾಂಕ್ ವೆಲ್ಡಿಂಗ್ ಮಾಡಿದ್ದು, ರಿವೆಟ್ ತೂತಿನ ತಂಟೆ ಇಲ್ಲ. ಮ್ಯಾನ್‌ಹೋಲ್ ಸುತ್ತ ದಪ್ಪನೆ ಉಕ್ಕಿನ ಬಳಿ ಹಚ್ಚಿ ವೆಲ್ಡ್ ಮಾಡಿರ್ತಾರ, ತೂತು ಕೊರೆದು ಹೋದ ಉಕ್ಕು ಅಲ್ಲೇ ವಾಪಸ್ ಬರಬೇಕು ಅಂತ. ಚಳಿ ಅಂದ್ರ ನಮ್ಮಲ್ಲಿ ಎಷ್ಟರ ಚಳಿ ಬಿಡ್ರಿ. ನಮಗ ಕಾಡೂದು ಅದರ ಉಲ್ಟಾ, ಬಿಸಿ.

ಸೆಂಟ್ರಿಫ್ಯೂಗಲ್‌ನಿಂದ (ಗರಗರ ತಿರುಗಿಸಿ ಸಕ್ಕರಿ ಹರಳು ಬ್ಯಾರೆ ಮಾಡೂ ಯಂತ್ರ) ಇಳಿದ ಕಾಕಂಬಿ 50 ಡಿಗ್ರಿ ದಾಟಿರ್ತದ. ಅದನ್ನ 40ಕ್ಕ ಇಳಿಸಿ ಟ್ಯಾಂಕಿಗೆ ಬಿಡಬೇಕು. ಅವಸರದಾಗ ಹಂಗ ಬಿಟ್ರ ಒಳಗಿನ ಸಕ್ಕರಿ, ಅಮೈನೊ ಆಮ್ಲ ಕೂಡಿ ತಾವ ಕಾಯಾಕ ಶುರು ಮಾಡ್ತಾವು. ಬೆಲ್ಲದ ಪಾಕ ಕೊಪ್ಪರಿಗಿ ತಳ ಹಿಡೀತದಲ್ರಿ, ಅಂಥದ್ದ ಅನ್ಕೋರಿ, ಆದ್ರ ಒಲಿ ಇಲ್ಲದ. ಕಾದಷ್ಟು ಜೋರು ನಡೀತದ, ಜೋರು ನಡೆದಷ್ಟು ಕಾಯ್ತದ. ನೊರಿ ಏಳ್ತದ, ಇಂಗಾಲದ ಡೈಆಕ್ಸೈಡ್ ಬರ್ತದ, ಮುಚ್ಚಳದ ಮ್ಯಾಲಿಂದ ಉಕ್ಕಿ ಹರೀತದ. ಕೊನಿಗೆ ಒಳಗ ಇದ್ದಲಿನಂಗ ಕರಕಾಗಿ ಕುಂತ್ರ ಕಡದು ತಗೀಬೇಕು.

ಅದಕ್ಕ ಥರ್ಮಾಮೀಟರ್ ಒಂದ ಕಡೆ ಇದ್ರ ಸಾಲಂಗಿಲ್ಲ. ತಳ, ನಡು, ಮ್ಯಾಲ, ಮೂರು ಕಡೆ ದಿನಾ ನೋಡಬೇಕು. ಕಾಕಂಬಿ ಶಾಖಾನ ಪಕ್ಕಕ್ಕ ಕೊಡೂ ಪೈಕಿ ಅಲ್ಲ. ನಡು 50 ಇದ್ರೂ ಗ್ವಾಡಿ ಮುಟ್ಟಿದ್ರ ತಣ್ಣಗ ಇರ್ತದ. 42 ದಾಟಿತಂದ್ರ ಪಂಪ್ ಹಚ್ಚಿ ಕೆಳಗಿಂದು ಮ್ಯಾಲ, ಮ್ಯಾಲಿಂದು ಕೆಳಗ ತಿರುಗಿಸೂದು, ಹೊರಗಿನ ಗ್ವಾಡಿಗೆ ನೀರು ಬಿಡೂದು. ಒಳಗ ನೀರು ಹಾಕಿ ತಣ್ಣಗ ಮಾಡಾಕ ಹೋಗಬ್ಯಾಡ್ರಿ. ಆಗ ಹುದುಗೂದು ಶುರು ಆಗ್ತದ, ಒಂದು ಹೋಗಿ ಎರಡಾಗ್ತದ.

ವೆಂಟ್‌ನ ಮಾತು ಬ್ಯಾರೆ. ಅದು ಮುಚ್ಚಿದ್ರ ಗ್ಯಾಸ್ ಹೊರಗ ಹೋಗಂಗಿಲ್ಲ ಅಂತ ಎಲ್ಲಾರಿಗೂ ಗೊತ್ತು. ಖಾಲಿ ಮಾಡುವಾಗ ಗಾಳಿ ಒಳಗ ಬರಂಗಿಲ್ಲ ಅನ್ನೂದು ಮರೀತಾರ. ಪಂಪ್ ಜಗ್ಗತಿರ್ತದ, ಮ್ಯಾಲ ಜಾಗಾ ಖಾಲಿ, ಗಾಳಿ ಇಲ್ಲ. ಮ್ಯಾಲಿನ ಸುತ್ತಿನ ತೆಳು ತಗಡು ಒಳಗ ಮಡಚಿ ಬೀಳ್ತದ, ನೀರಿನ ಬಾಟ್ಲಿ ಬಾಯಿಗಿಟ್ಟು ಜಗ್ಗಿದಂಗ. ಜಾಳಿಗಿಗೆ ಕಾಕಂಬಿ, ಧೂಳು, ಜೇನು ಹುಳ ಹತ್ತಿ ಗಟ್ಟಿ ಆಗಿರ್ತದ. ಪಂಪ್ ಚಾಲೂ ಮಾಡೂ ಮುಂಚೆ ಮ್ಯಾಲ ಹತ್ತಿ ನೋಡಬೇಕು.

ದಪ್ಪ ಅಳಿಯಾಕ ಅಲ್ಟ್ರಾಸಾನಿಕ್ ಗೇಜ್ ಅದ, ಹೊರಗಿಂದನ ಮಿಮೀ ಹೇಳ್ತದ. ಕೆಳಗಿನ ಸುತ್ತು, ಅದರಾಗೂ ತಳದ ಪ್ಲೇಟ್ ಗ್ವಾಡಿ ಕೂಡೂ ಮೂಲಿ, ಮೊದಲು ಸವಿಯೂದು ಅಲ್ಲೇ, ಮಳಿ ನೀರು ನಿಂತು. ಬಣ್ಣ ಉಬ್ಬಿದ್ರ ಕೆರದು ಅಳಿಬೇಕು, ಮ್ಯಾಲ ಮತ್ತ ಬಣ್ಣ ಬಳದು ಮುಂದ ಹೋಗೂದಲ್ಲ. ಸುತ್ತ ಒಡ್ಡು ಇರಬೇಕು, ಟ್ಯಾಂಕ್ ಪೂರ್ತಿ ಸೋರಿದ್ರೂ ಹಿಡದು ಮ್ಯಾಲ ಹತ್ತು ಪರ್ಸೆಂಟ್ ಉಳಿಯೂವಷ್ಟು. ಬಾಸ್ಟನ್‌ನಾಗ ಅಂಥ ಒಡ್ಡು ಇರಲಿಲ್ಲ, ಬಾಗಲಾ ತೆಗೆದ್ರ ಬೀದಿ. ಒಡ್ಡಿನ ಮಳಿ ನೀರಿನ ವಾಲ್ವ್ ಬಂದ್ ಐತೇನು ನೋಡ್ರಿ. ತೆರದು ಬಿಟ್ರ ಒಡ್ಡು ಇದ್ದೂ ಇಲ್ಲದಂಗ, ಸೋರಿದ್ದೆಲ್ಲಾ ಸೀದಾ ಹಳ್ಳಕ್ಕ.

ಮಂದಿ ಜೀವ ಹೋಗೂದು ಟ್ಯಾಂಕ್ ಒಡದು ಅಲ್ರಿ, ಖಾಲಿ ಟ್ಯಾಂಕ್ ತೊಳಿಯಾಕ ಇಳದು. ತಳದಾಗ ಒಂದು ಅಡಿ ಕಾಕಂಬಿ ಉಳಿದಿರ್ತದ, ತೊಳಿಯಾಕ ನೀರು ಬಿಡ್ತಾರ, ತೆಳು ಆಗಿ ಹುದುಗ್ತದ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಾಗ ಕೂತಿರ್ತದ, ಕಣ್ಣಿಗೆ ಕಾಣಂಗಿಲ್ಲ. ಇಳದಾಂವ ಕುಸೀತಾನ, ಏನಾತು ಅಂತ ಎತ್ತಾಕ ಇಳದಾಂವನೂ ಕುಸೀತಾನ. ಕೆಳಗಿನ ಮ್ಯಾನ್‌ಹೋಲ್, ಮ್ಯಾಲಿನ ಮ್ಯಾನ್‌ಹೋಲ್ ಎರಡೂ ತೆಗೆದು ಬ್ಲೋವರ್ ಹಚ್ಚಬೇಕು. ಮೀಟರ್‌ನಾಗ ಆಮ್ಲಜನಕ 19.5 ಪರ್ಸೆಂಟ್‌ಗಿಂತ ಮ್ಯಾಲ ತೋರಿಸಬೇಕು, ಅದೂ ಬಾಗಲದಾಗ ಅಲ್ಲ, ಮೀಟರಿಗೆ ಹಗ್ಗ ಕಟ್ಟಿ ತಳಕ್ಕ ಇಳಿಸಿ. ಒಳಗ ಹೋದಾಂವನ ಬೆಲ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೊರಗಿನಾಂವನ ಕೈಯಾಗ. ಹೊರಗಿನಾಂವ ಏನ ಆದ್ರೂ ಒಳಗ ಹೋಗಬಾರದು, ಜಗ್ಗಬೇಕು ಅಷ್ಟ.

---

ನೀರಗಂಟಿ:

ಹಳ್ಳಕ್ಕ ಅಂದಿರಲ್ಲ, ಅದಕ್ಕೆ ಒಂದು ಉದಾಹರಣೆ. 2013ರ ಸೆಪ್ಟೆಂಬರಿನಲ್ಲಿ ಹವಾಯಿಯ ಹೊನಲುಲು ಬಂದರಿನಲ್ಲಿ ಹಡಗಿಗೆ ಕಾಕಂಬಿ ತುಂಬೋ ಪೈಪು ಸೋರಿ 2,33,000 ಗ್ಯಾಲನ್, ಅಂದರೆ ಸುಮಾರು 1,250 ಟನ್, ನೀರಿಗೆ ಹೋಯಿತು. ಬಾಸ್ಟನ್ನಿನ ಹತ್ತನೇ ಒಂದು ಭಾಗ. ಎಣ್ಣೆಯಾಗಿದ್ದರೆ ತೇಲೋದು, ಬಳಿದು ತೆಗೀಬಹುದು. ಇದು ಸಮುದ್ರದ ನೀರಿಗಿಂತ ಭಾರ, ನೇರ ತಳಕ್ಕೆ ಇಳಿದು ಹಾಸಿಕೊಂಡಿತು. ಬ್ಯಾಕ್ಟೀರಿಯಾ ಸಕ್ಕರೆ ತಿಂದು ನೀರಿನ ಆಮ್ಲಜನಕ ಮುಗಿಸಿದವು. ಸಾವಿರಾರು ಮೀನು ಸತ್ತವು. ನೆಲ ಬಿಟ್ಟು ಮೇಲೆ ಬಾರದ ಏಡಿ, ಹಾವುಮೀನು ಕೂಡ ದಡದ ಹತ್ತಿರ ತೇಲಿ ಬಂದವು. ಅದನ್ನ ವಾಪಸ್ ಎತ್ತೋ ಉಪಾಯ ಯಾರ ಹತ್ತಿರವೂ ಇರಲಿಲ್ಲ. ಉಬ್ಬರ ಇಳಿತ ಬಂದು ತೊಳ್ಕೊಂಡು ಹೋಗಲಿ ಅಂತ ಕಾದರು.